ನಮ್ಮ 999, ಅವರ 007

ನಂಜನಗೂಡಿನಲ್ಲಿ ಅಂಧಕಾಸುರ ಪ್ರತಿವರ್ಷ ಸಾಯುತ್ತಾನೆ. ಧನುರ್ಮಾಸದಲ್ಲಿ ರಾಕ್ಷಸ ಮಂಟಪದ ಬಳಿ ನೆಲದ ಮೇಲೆ ರಂಗೋಲಿಯಿಂದ ಅವನ ಚಿತ್ರ ಬಿಡಿಸುತ್ತಾರೆ. ಶ್ರೀಕಂಠೇಶ್ವರನ ಉತ್ಸವಮೂರ್ತಿ ಅಲ್ಲಿಗೆ ಬರುತ್ತದೆ. ನೋಡನೋಡುತ್ತಿದ್ದಂತೆ ಚಿತ್ರ ಅಳಿಸಿಹೋಗಿ ಸಂಹಾರ ಮುಗಿಯುತ್ತದೆ. ಸೇರಿದ ಜನರಲ್ಲಿ ಕತೆಯ ಕೊನೆ ಗೊತ್ತಿಲ್ಲದವರು ಇರುವುದಿಲ್ಲ. ಈ ವರ್ಷ ಅಸುರನೇ ಗೆದ್ದುಬಿಟ್ಟಾನು ಎಂಬ ಆತಂಕವೂ ಯಾರಿಗೂ ಇಲ್ಲ. ಆದರೂ ಜನ ಸೇರುತ್ತಾರೆ. ಮುಂದಿನ ವರ್ಷ ಮತ್ತೆ ಸೇರುತ್ತಾರೆ.

ಊರ ಪಕ್ಕದ ಕಪಿಲೆ ಮುಂದೆ ಹರಿದು ತಿ. ನರಸೀಪುರದಲ್ಲಿ ಕಾವೇರಿಯನ್ನು ಸೇರುತ್ತದೆ. ಈ ಎರಡು ತಾಲ್ಲೂಕುಗಳ ಹಳ್ಳಿಗಳಲ್ಲಿ, ಹಳೆಯ ಮೈಸೂರು ಸೀಮೆಯ ಬೇರೆ ಕಡೆಗಳಲ್ಲಿರುವಂತೆಯೇ, ಸುಗ್ಗಿ ಮುಗಿದ ಮೇಲೆ 'ಕುರುಕ್ಷೇತ್ರ' ನಾಟಕ ಏಳುತ್ತದೆ. ಹಾರ್ಮೋನಿಯಂ ಮೇಷ್ಟ್ರು ತಿಂಗಳುಗಟ್ಟಲೆ ಹಾಡು, ಮಾತು ಕಲಿಸುತ್ತಾರೆ. ಸೀನರಿ ಬಾಡಿಗೆಗೆ ಬರುತ್ತದೆ. ದುರ್ಯೋಧನನ ಪಾತ್ರಕ್ಕೆ ಇಷ್ಟು, ಕೃಷ್ಣನ ಪಾತ್ರಕ್ಕೆ ಇಷ್ಟು ಎಂದು ಪಾತ್ರಧಾರಿಗಳೇ ಹಣ ಹಾಕುತ್ತಾರೆ. ಹೋದ ಸಲ ಭೀಮನಾಗಿದ್ದವನಿಗೆ ವಯಸ್ಸಾದರೆ ಈ ಸಲ ಬೇರೊಬ್ಬ ಗದೆ ಹಿಡಿಯುತ್ತಾನೆ. ಕತೆ ಅದೇ, ಪಾತ್ರವೂ ಅದೇ, ಆಳು ಮಾತ್ರ ಬೇರೆ. ಹಳಬನಿಗೂ ಹೊಸಬನಿಗೂ ಇರುವ ವ್ಯತ್ಯಾಸವನ್ನು ತೂಗಿ ನೋಡುವುದೇ ಪ್ರೇಕ್ಷಕರಿಗೆ ಅರ್ಧ ಸಂತೋಷ.

ಗೊತ್ತಿರುವುದನ್ನು ಮತ್ತೆ ನೋಡುವಂತೆ ಮಾಡುವುದು ಹೇಗೆ? ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು? ಜಾತ್ರೆ, ನಾಟಕಗಳಿಗೆ ಸಲ್ಲುವ ಈ ಪ್ರಶ್ನೆ ಸರಣಿ ಚಲನಚಿತ್ರಗಳಿಗೂ ಸಲ್ಲುತ್ತದೆ. ಜಗತ್ತಿನ ಅತಿ ಪ್ರಸಿದ್ಧ ಗೂಢಚಾರ ಸರಣಿಯಾದ ಜೇಮ್ಸ್ ಬಾಂಡ್ ಚಿತ್ರಗಳು ಅದಕ್ಕೆ ಒಂದು ಉತ್ತರ ಕಂಡುಕೊಂಡವು. ಅದೇ ಕಾಲದಲ್ಲಿ ಕನ್ನಡದಲ್ಲೂ ಒಂದು ಗೂಢಚಾರ ಸರಣಿ ಹುಟ್ಟಿತು. ಅದರ ಉತ್ತರ ಬೇರೆಯಾಗಿತ್ತು. ಬಾಂಡ್ ಇಪ್ಪತ್ತೈದು ಚಿತ್ರಗಳನ್ನು ಮುಟ್ಟಿದ. ಕನ್ನಡದ ಸಿಐಡಿ 999 ನಾಲ್ಕಕ್ಕೇ ನಿಂತ. ಇದಕ್ಕೆ ಹಣ, ಮಾರುಕಟ್ಟೆಗಳ ಅಂತರ ಒಂದು ಕಾರಣ, ನಿಜ. ಅದಕ್ಕಿಂತ ಆಳವಾದ ಕಾರಣ ಇನ್ನೊಂದಿದೆ.

ಬಾಂಡ್ ಎಂಬ ವ್ರತ

ಇಯಾನ್ ಫ್ಲೆಮಿಂಗ್ ಜೇಮ್ಸ್ ಬಾಂಡನನ್ನು ಸೃಷ್ಟಿಸಿದ್ದು 1953ರ 'ಕ್ಯಾಸಿನೊ ರಾಯಲ್' ಕಾದಂಬರಿಯಲ್ಲಿ. ಮೊದಲ ಚಿತ್ರ 'ಡಾಕ್ಟರ್ ನೋ' 1962ರಲ್ಲಿ ಬಂತು. ಅಂದಿನಿಂದ 2021ರ 'ನೋ ಟೈಮ್ ಟು ಡೈ' ವರೆಗೆ ಮುಖ್ಯ ಸರಣಿಯಲ್ಲಿ 25 ಚಿತ್ರಗಳು ತಯಾರಾದವು. ಶಾನ್ ಕಾನರಿ, ಜಾರ್ಜ್ ಲೇಜನ್‌ಬಿ, ರೋಜರ್ ಮೂರ್, ಟಿಮೊಥಿ ಡಾಲ್ಟನ್, ಪಿಯರ್ಸ್ ಬ್ರಾಸ್ನನ್, ಡೇನಿಯಲ್ ಕ್ರೇಗ್ ಎಂಬ ಆರು ಮಂದಿ ಒಬ್ಬರಾದ ಮೇಲೊಬ್ಬರು ಆ ಪಾತ್ರ ವಹಿಸಿದರು.

ಈ ಚಿತ್ರಗಳಲ್ಲಿ ಕೆಲವು ಸಂಗತಿಗಳು ವ್ರತದ ವಿಧಿಗಳಂತೆ ಮರಳಿ ಬರುತ್ತವೆ. ಬಂದೂಕಿನ ನಳಿಗೆಯೊಳಗಿಂದ ಕಾಣುವ ನಾಯಕ, ಪರಿಚಿತ ಸಂಗೀತ, ತನ್ನ ಹೆಸರನ್ನು ಎರಡು ಸಲ ಹೇಳಿಕೊಳ್ಳುವ ಠೀವಿ, ಕೆಲಸ ಒಪ್ಪಿಸುವ 'ಎಮ್' ಎಂಬ ಮೇಲಧಿಕಾರಿ, ಹೊಸ ಹೊಸ ಆಯುಧ ಕೊಡುವ 'ಕ್ಯೂ'. ಇವು ಇಲ್ಲವಾದರೆ ಅದು ಬಾಂಡ್ ಚಿತ್ರವೇ ಅಲ್ಲವೆಂದು ನೋಡುಗರು ಗೊಣಗುತ್ತಾರೆ.

ಇನ್ನು ಕೆಲವು ಸಂಗತಿಗಳು ಕಾಲಕ್ಕೆ ತಕ್ಕಂತೆ ಬದಲಾಗುತ್ತವೆ. 1977ರಲ್ಲಿ 'ಸ್ಟಾರ್ ವಾರ್ಸ್' ಗೆದ್ದ ಮೇಲೆ 1979ರ 'ಮೂನ್‌ರೇಕರ್'ನಲ್ಲಿ ಬಾಂಡ್ ಬಾಹ್ಯಾಕಾಶಕ್ಕೆ ಹಾರಿದ. 1983ರ 'ಆಕ್ಟೋಪಸಿ'ಗಾಗಿ ಉದಯಪುರಕ್ಕೂ ಬಂದ. ಆ ಚಿತ್ರದಲ್ಲಿ ಕಬೀರ್ ಬೇಡಿ, ವಿಜಯ್ ಅಮೃತರಾಜ್ ನಟಿಸಿದರು. 1991ರಲ್ಲಿ ಸೋವಿಯತ್ ಒಕ್ಕೂಟವೇ ಒಡೆದುಹೋದಾಗ ಶೀತಲ ಸಮರದ ಈ ಕೂಸಿಗೆ ಇನ್ನೇನು ಕೆಲಸ ಎಂಬ ಪ್ರಶ್ನೆ ಎದ್ದಿತು. 1995ರ 'ಗೋಲ್ಡನ್ ಐ' ಆ ಪ್ರಶ್ನೆಯನ್ನು ಮುಚ್ಚಿಡದೆ ಕತೆಯೊಳಗೇ ತಂದಿತು. 'ಎಮ್' ಸ್ಥಾನದಲ್ಲಿ ಜೂಡಿ ಡೆಂಚ್ ಎಂಬ ಹಿರಿಯ ನಟಿಯನ್ನು ಕೂರಿಸಿ, ನೀನು ಹಳೆಯ ಕಾಲದ ಪಳೆಯುಳಿಕೆ ಎಂದು ಬಾಂಡನ ಮುಖಕ್ಕೇ ಹೇಳಿಸಿತು. 2012ರಲ್ಲಿ, ಸರಣಿಗೆ ಐವತ್ತು ತುಂಬಿದಾಗ, 'ಸ್ಕೈಫಾಲ್' ಚಿತ್ರ 1964ರ 'ಗೋಲ್ಡ್‌ಫಿಂಗರ್' ಕಾಲದ ಆಸ್ಟನ್ ಮಾರ್ಟಿನ್ ಕಾರನ್ನು ಮತ್ತೆ ಹೊರತೆಗೆಯಿತು. ಅದೇ ಚಿತ್ರದಲ್ಲಿ ಅದನ್ನು ಸುಟ್ಟೂ ಹಾಕಿತು. ಪರಂಪರೆಗೆ ಕೈಮುಗಿದು, ಕೂಡಲೇ ಅದರಿಂದ ಕಳಚಿಕೊಳ್ಳುವ ಈ ಜಾಣತನದಲ್ಲಿ ಬಾಂಡನ ದೀರ್ಘಾಯುಷ್ಯದ ಗುಟ್ಟಿದೆ.

ಎಲ್ಲಕ್ಕಿಂತ ದೊಡ್ಡ ಬದಲಾವಣೆ ನಟನದು. ಬಾಂಡ್ ಪಾತ್ರ ಒಂದು ಪದವಿ ಇದ್ದಂತೆ. ಅದರಲ್ಲಿ ಕೂರುವವರು ಬರುತ್ತಾರೆ, ಹೋಗುತ್ತಾರೆ. ಪದವಿ ಖಾಲಿ ಬೀಳುವುದಿಲ್ಲ.

1968ರ ಕನ್ನಡ ಗೂಢಚಾರ

ಬಾಂಡ್ ಚಿತ್ರಗಳ ಗಾಳಿ ಭಾರತಕ್ಕೆ ಬೀಸಲು ಹೆಚ್ಚು ಕಾಲ ಬೇಕಾಗಲಿಲ್ಲ. 1966ರಲ್ಲಿ ತೆಲುಗಿನಲ್ಲಿ ಕೃಷ್ಣ ಅಭಿನಯದ 'ಗೂಢಚಾರಿ 116', ತಮಿಳಿನಲ್ಲಿ ಜೈಶಂಕರ್ ಅಭಿನಯದ 'ವಲ್ಲವನ್ ಒರುವನ್' ಬಂದವು. ತೆಲುಗು ಚಿತ್ರ 1967ರಲ್ಲಿ ಹಿಂದಿಯಲ್ಲಿ 'ಫರ್ಜ್' ಆಗಿ ಜಿತೇಂದ್ರರನ್ನು ಜನಪ್ರಿಯಗೊಳಿಸಿತು. 1968ರಲ್ಲಿ ಕನ್ನಡದ ಸರದಿ. ದೊರೈ ಮತ್ತು ಭಗವಾನ್ ಜೋಡಿ ನಿರ್ದೇಶಿಸಿದ 'ಜೇಡರ ಬಲೆ' ತೆರೆಕಂಡಿತು. ಬಿ. ದೊರೈರಾಜ್ ಛಾಯಾಗ್ರಾಹಕರಾಗಿ ಪಳಗಿದವರು; ಎಸ್.ಕೆ. ಭಗವಾನ್ ಮೈಸೂರಿನಲ್ಲಿ 1933ರಲ್ಲಿ ಹುಟ್ಟಿ, ಹಿರಣ್ಣಯ್ಯ ಮಿತ್ರಮಂಡಳಿಯ ರಂಗಭೂಮಿಯಿಂದ ಸಿನಿಮಾಕ್ಕೆ ಬಂದವರು. ಇಬ್ಬರೂ ಜೋಡಿಯಾಗಿ ನಿರ್ದೇಶಿಸಿದ ಮೊದಲ ಚಿತ್ರವಿದು. ನಾಯಕ ರಾಜಕುಮಾರ್, ನಾಯಕಿ ಜಯಂತಿ, ಸಂಗೀತ ಜಿ.ಕೆ. ವೆಂಕಟೇಶ್. ಪತ್ತೇದಾರ ಪ್ರಕಾಶನ ಗುಪ್ತ ಸಂಖ್ಯೆ 999.

ಅದೇ ವರ್ಷ 'ಗೋವಾದಲ್ಲಿ ಸಿಐಡಿ 999', 1969ರಲ್ಲಿ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿಐಡಿ 999' ಬಂದವು. ಮೊದಲನೆಯದು ನಟಿ ಲಕ್ಷ್ಮಿಯವರನ್ನೂ ಎರಡನೆಯದು ಮುಂದೆ ಹಿಂದಿಯಲ್ಲಿ ದೊಡ್ಡ ತಾರೆಯಾದ ರೇಖಾ ಅವರನ್ನೂ ಕನ್ನಡಕ್ಕೆ ಪರಿಚಯಿಸಿದವು. ನಾಲ್ಕನೆಯ ಚಿತ್ರ 'ಆಪರೇಷನ್ ಡೈಮಂಡ್ ರಾಕೆಟ್' ಬರಲು 1978ರವರೆಗೆ ಕಾಯಬೇಕಾಯಿತು.

ಈ ಹೆಸರುಗಳನ್ನೇ ಸ್ವಲ್ಪ ನಿಧಾನವಾಗಿ ಓದಿದರೆ ಸರಣಿಯ ಕತೆ ತಿಳಿಯುತ್ತದೆ. ಮೊದಲ ಚಿತ್ರದ ಹೆಸರು ಅಚ್ಚಗನ್ನಡ. ಅದರಲ್ಲಿ ಸಂಖ್ಯೆ ಇಲ್ಲ, ಏಕೆಂದರೆ ಆ ಸಂಖ್ಯೆ ಆಗ ಯಾರಿಗೂ ಗೊತ್ತಿರಲಿಲ್ಲ. ಚಿತ್ರ ಗೆದ್ದ ಮೇಲೆ ಸಂಖ್ಯೆಯೇ ಆಕರ್ಷಣೆಯಾಗಿ ಮುಂದಿನ ಎರಡು ಹೆಸರುಗಳೊಳಗೆ ಸೇರಿತು. ಅಲ್ಲಿ 'ಗೋವಾ', 'ಜಾಕ್‌ಪಾಟ್' ಎಂಬ ಹೊರಗಿನ ಪದಗಳಿಗೆ ಕನ್ನಡದ ಸಪ್ತಮೀ ವಿಭಕ್ತಿ ಅಂಟಿಕೊಂಡಿದೆ. ನಾಯಕ ನಮ್ಮವನು, ಅವನು ಈ ಸಲ ಎಲ್ಲಿದ್ದಾನೆ ಎಂಬುದಷ್ಟೇ ಹೊಸದು. 1978ರ ಹೆಸರಿನಲ್ಲಿ ಸಂಖ್ಯೆ ಮತ್ತೆ ಮಾಯವಾಯಿತು. ಅಷ್ಟು ಹೊತ್ತಿಗೆ ಸಂಖ್ಯೆಗಿಂತ ನಟ ದೊಡ್ಡವನಾಗಿದ್ದ.

ಕಾಲ ಒದಗಿಸಿದ ಕತೆ

ಬಾಂಡನಿಗೆ ಶೀತಲ ಸಮರವಿತ್ತು. ಕನ್ನಡದ ಗೂಢಚಾರನಿಗೆ ಏನಿತ್ತು? 1962ರ ಚೀನಾ ಯುದ್ಧ, 1965ರ ಪಾಕಿಸ್ತಾನ ಯುದ್ಧಗಳು ಬೇಹುಗಾರಿಕೆಯ ಕೊರತೆಯನ್ನು ದೇಶಕ್ಕೆ ಮನದಟ್ಟು ಮಾಡಿದ್ದವು. ಹೊರದೇಶಗಳ ಗುಪ್ತ ಮಾಹಿತಿ ಸಂಗ್ರಹಿಸಲೆಂದೇ ಭಾರತ 'ರಾ' ಸಂಸ್ಥೆಯನ್ನು ಸ್ಥಾಪಿಸಿದ್ದು 1968ರ ಸೆಪ್ಟೆಂಬರಿನಲ್ಲಿ, ಅಂದರೆ 'ಜೇಡರ ಬಲೆ' ಬಂದ ವರ್ಷವೇ. ಅಂಥದೊಂದು ಸಂಸ್ಥೆಯ ಹೆಸರು ಸಾಮಾನ್ಯರ ಕಿವಿಗೆ ಬಿದ್ದಿರಲಿಲ್ಲ. ಜನರ ಬಾಯಲ್ಲಿದ್ದ ಪದ 'ಸಿಐಡಿ'. ನಿಜದಲ್ಲಿ ಅದು ರಾಜ್ಯ ಪೊಲೀಸರ ಅಪರಾಧ ತನಿಖಾ ವಿಭಾಗ. ಆದರೆ ಮಫ್ತಿಯಲ್ಲಿ ಬಂದು ಗುಟ್ಟು ತಿಳಿಯುವವನು ಯಾರೇ ಆಗಲಿ, ಅವನು ಸಿಐಡಿ ಎಂಬುದು ಸಂತೆ ಮಾತು. ಅದನ್ನೇ ಹಿಡಿದು ಚಿತ್ರ ತಯಾರಿಸಿದವರು ಪರದೇಶದ ಕಲ್ಪನೆಗೆ ಮನೆಯ ಬಾಗಿಲು ತೆರೆದರು.

ಖಳನಾಯಕರನ್ನೂ ಕಾಲವೇ ಒದಗಿಸಿತು. 1963ರ ಚಿನ್ನ ನಿಯಂತ್ರಣ ನಿಯಮಗಳು 14 ಕ್ಯಾರೆಟ್‌ಗಿಂತ ಶುದ್ಧವಾದ ಚಿನ್ನದ ಒಡವೆ ಮಾಡುವುದನ್ನು ನಿರ್ಬಂಧಿಸಿದವು. 1968ರಲ್ಲಿ ಚಿನ್ನ ನಿಯಂತ್ರಣ ಕಾಯಿದೆಯೇ ಬಂತು. ಅದು ರದ್ದಾದದ್ದು 1990ರಲ್ಲಿ. ನಿರ್ಬಂಧ ಬಿಗಿಯಾದಂತೆ ಕಳ್ಳಸಾಗಣೆ ಬೆಳೆಯಿತು. ಪಶ್ಚಿಮ ಕರಾವಳಿಗೆ ದೋಣಿಯಲ್ಲಿ ಬರುವ ಚಿನ್ನದ ಗಟ್ಟಿ, ವಿದೇಶಿ ಗಡಿಯಾರಗಳ ಸುದ್ದಿ ಪತ್ರಿಕೆಗಳಲ್ಲಿ ಸಾಮಾನ್ಯವಾಯಿತು. ಗೋವಾ ಪೋರ್ಚುಗೀಸರಿಂದ ಬಿಡುಗಡೆಯಾದದ್ದು 1961ರ ಡಿಸೆಂಬರಿನಲ್ಲಿ. ನೆರೆಯಲ್ಲೇ ಇದ್ದರೂ ಅದು ಬಹುಪಾಲು ಕನ್ನಡಿಗರಿಗೆ ಕಾಣದ ಊರು, ಅರ್ಧ ಪರದೇಶ. ಲಂಡನ್, ಇಸ್ತಾಂಬುಲ್‌ಗಳಿಗೆ ಹೋಗಲು ಹಣವಿಲ್ಲದ ಕನ್ನಡ ಗೂಢಚಾರನಿಗೆ ಗೋವಾಕ್ಕಿಂತ ಒಳ್ಳೆಯ ಜಾಗ ಸಿಗುವಂತಿರಲಿಲ್ಲ.

ಓದುಗರೂ ಸಿದ್ಧರಿದ್ದರು. ಎನ್. ನರಸಿಂಹಯ್ಯನವರ ಪತ್ತೇದಾರಿ ಕಾದಂಬರಿಗಳು ಆಗಲೇ ಸಾವಿರಾರು ಮಂದಿಗೆ ಓದಿನ ರುಚಿ ಹತ್ತಿಸಿದ್ದವು. ಅವರ ಪತ್ತೇದಾರ ಪುರುಷೋತ್ತಮ ಕೃತಿಯಿಂದ ಕೃತಿಗೆ ಮರಳಿ ಬರುತ್ತಿದ್ದ. ನಾಯಕ ಅದೇ, ಪ್ರಕರಣ ಹೊಸದು ಎಂಬ ಸರಣಿಯ ನಿಯಮ ಕನ್ನಡಿಗರಿಗೆ ಪುಸ್ತಕದ ಮೂಲಕವೇ ತಿಳಿದಿತ್ತು.

ಗುಲಗಂಜಿಯಷ್ಟು ಹೆಚ್ಚು

ತಿ. ನರಸೀಪುರದ ದೇವರು ಗುಂಜಾ ನರಸಿಂಹ. ಗುಂಜೆಯೆಂದರೆ ಗುಲಗಂಜಿ. ಈ ಸಂಗಮ ಕ್ಷೇತ್ರ ಕಾಶಿಗಿಂತ ಒಂದು ಗುಲಗಂಜಿ ತೂಕದಷ್ಟು ಹೆಚ್ಚು ಪವಿತ್ರವೆಂಬುದು ಊರಿನ ನಂಬಿಕೆ. ಇದೇ ಸಂಗಮದಲ್ಲಿ 1989ರಿಂದ ಮೂರು ವರ್ಷಕ್ಕೊಮ್ಮೆ ನಡೆಯುವ ಕುಂಭಮೇಳ ಆರಂಭವಾಯಿತು. ದೂರದ ಹಿರಿಮೆಯನ್ನು ಮನೆಯಂಗಳಕ್ಕೆ ತಂದುಕೊಂಡು, ಅದಕ್ಕೆ ತನ್ನದೊಂದು ಗುಲಗಂಜಿ ಸೇರಿಸುವುದು ಈ ನೆಲದ ಹಳೆಯ ರೂಢಿ. 007ಕ್ಕೆ ಎದುರಾಗಿ 999 ಎಂಬ ಸಂಖ್ಯೆಯೂ ಅಂಥದೇ ಎನ್ನಬೇಕು.

ಆದರೆ ಸಂಖ್ಯೆ ಸೇರಿಸಿದಷ್ಟು ಸುಲಭವಾಗಿ ನಾಯಕನನ್ನು ಸೇರಿಸಿಕೊಳ್ಳಲಾಗಲಿಲ್ಲ. ರಾಜಕುಮಾರ್ ಆಗಲೇ ಕೇವಲ ನಟರಾಗಿ ಉಳಿದಿರಲಿಲ್ಲ. ಗಾಜನೂರಿನ ಮುತ್ತುರಾಜ, ರಂಗನಟ ಸಿಂಗಾನಲ್ಲೂರು ಪುಟ್ಟಸ್ವಾಮಯ್ಯನವರ ಮಗ, 1954ರ 'ಬೇಡರ ಕಣ್ಣಪ್ಪ' ಚಿತ್ರದಿಂದ ರಾಜಕುಮಾರ್ ಆದರು. ಆ ಚಿತ್ರದ ನಿರ್ದೇಶಕ ಎಚ್.ಎಲ್.ಎನ್. ಸಿಂಹ, ಬರವಣಿಗೆ ನಂಜನಗೂಡಿನಲ್ಲಿ ಹುಟ್ಟಿದ ಜಿ.ವಿ. ಅಯ್ಯರ್ ಅವರದು. ಶಿವನಿಗೆ ಕಣ್ಣು ಕಿತ್ತುಕೊಟ್ಟ ಬೇಡನಾಗಿ ಮೊದಲು ಕಂಡ ಮುಖವನ್ನು ಜನ ಮುಂದೆ 'ಭಕ್ತ ಕನಕದಾಸ', 'ರಣಧೀರ ಕಂಠೀರವ', 'ಸತ್ಯ ಹರಿಶ್ಚಂದ್ರ', 'ಮಂತ್ರಾಲಯ ಮಹಾತ್ಮೆ' ಚಿತ್ರಗಳಲ್ಲಿ ನೋಡಿದರು. ರಾಘವೇಂದ್ರ ಸ್ವಾಮಿಗಳಾಗಿ ಕಂಡವರು ಎರಡೇ ವರ್ಷದಲ್ಲಿ ಪಿಸ್ತೂಲು ಹಿಡಿದು ಬಂದಾಗ ಪ್ರೇಕ್ಷಕ ಒಪ್ಪಬೇಕಿತ್ತು.

ಒಪ್ಪಿಸಲು ಬಾಂಡನನ್ನೇ ತಿದ್ದಬೇಕಾಯಿತು. ಬಾಂಡನ ಗುರುತೇ ಮದ್ಯ, ಸಿಗರೇಟು, ಬದಲಾಗುವ ಪ್ರೇಯಸಿಯರು. ರಾಜಕುಮಾರ್ ತೆರೆಯ ಮೇಲೆ ಕುಡಿಯದ, ಸೇದದ ನಟನೆಂದು ಹೆಸರಾದವರು. ಹೀಗಾಗಿ ಕನ್ನಡದ ಗೂಢಚಾರ ಸೂಟು, ಟೈ, ಕಾರು, ಹೊಡೆದಾಟಗಳನ್ನು ಪಶ್ಚಿಮದಿಂದ ತೆಗೆದುಕೊಂಡ. ಚಟಗಳನ್ನು ಅಲ್ಲೇ ಬಿಟ್ಟುಬಂದ. ಬಾಂಡ್ ಒಂಟಿ. ನಮ್ಮ ಪ್ರಕಾಶನ ಜೊತೆಗೆ ನಗಿಸಲು ನರಸಿಂಹರಾಜು ಇದ್ದರು, ಕಂಪನಿ ನಾಟಕದಲ್ಲಿ ರಾಜನ ಪಕ್ಕದಲ್ಲಿ ಹಾಸ್ಯದವನು ಇರುವಂತೆ. ಬಾಂಡ್ ಹಾಡುವುದಿಲ್ಲ. ನಮ್ಮವನಿಗೆ ಪಿ.ಬಿ. ಶ್ರೀನಿವಾಸರ ದನಿಯಿತ್ತು. ಅಡ್ಡೆಯಲ್ಲಿ ಶತ್ರುವನ್ನು ಬಡಿದು ಬಂದವನು ಯುಗಳಗೀತೆಗೆ ನಿಲ್ಲುವುದರಲ್ಲಿ ಯಾರಿಗೂ ವಿರೋಧ ಕಾಣಲಿಲ್ಲ. ರಾಮ ಕಾಡಿಗೆ ಹೋಗುವಾಗಲೂ ಕಂದಪದ್ಯ ಹಾಡುವುದನ್ನು ಕೇಳಿದ ಕಿವಿಗಳವು.

ಟೆಂಟಿನಲ್ಲಿ ಗೂಢಚಾರ

ಆಗಿನ ಚಿತ್ರಗಳು ಬೆಂಗಳೂರು, ಮೈಸೂರುಗಳಲ್ಲಿ ಮೊದಲು ಓಡಿ, ಬಳಿಕ ತಾಲ್ಲೂಕು ಕೇಂದ್ರಗಳಿಗೆ, ಕೊನೆಗೆ ಹೋಬಳಿಗಳ ಟೂರಿಂಗ್ ಟಾಕೀಸುಗಳಿಗೆ ಬರುತ್ತಿದ್ದವು. ಹೊತ್ತು ಮುಳುಗಿದ ಮೇಲೆ ಧ್ವನಿವರ್ಧಕದಲ್ಲಿ ಭಕ್ತಿಗೀತೆ ಕೇಳಿಸಿದರೆ ಟಿಕೆಟ್ ಕೊಡುತ್ತಾರೆಂದು ಅರ್ಥ. ನೆಲ, ಬೆಂಚು, ಕುರ್ಚಿ ಎಂದು ತರಗತಿಗಳು. ಒಂದೇ ಪ್ರೊಜೆಕ್ಟರ್ ಇರುವ ಕಡೆ ರೀಲು ಬದಲಾಯಿಸಿದಾಗಲೆಲ್ಲ ಬಿಡುವು. ಹಾಡಿನ ಪುಸ್ತಕದ ಕಥಾಸಾರಾಂಶ ಮಾತ್ರ ಕುತೂಹಲದ ತುದಿಯಲ್ಲಿ ನಿಂತು, ಉಳಿದುದನ್ನು ಬೆಳ್ಳಿತೆರೆಯ ಮೇಲೆ ನೋಡಿ ಎನ್ನುತ್ತಿತ್ತು.

ಪೌರಾಣಿಕ ಚಿತ್ರಕ್ಕೆ ಈ ಗುಟ್ಟು ಅನಗತ್ಯ, ಏಕೆಂದರೆ ಹರಿಶ್ಚಂದ್ರನ ಕತೆ ಯಾರಿಗೆ ಗೊತ್ತಿಲ್ಲ? ಗೂಢಚಾರ ಚಿತ್ರ ಬಂದಾಗ ಪ್ರೇಕ್ಷಕನಿಗೆ ಎರಡೂ ರುಚಿ ಸಿಕ್ಕಿತು. ಖಳ ಯಾರೆಂಬುದು ಗೊತ್ತಿಲ್ಲ. ರಾಜಕುಮಾರ್ ಗೆಲ್ಲುತ್ತಾರೆಂಬುದು ಗೊತ್ತು. ಅಂಧಕಾಸುರ ಸಂಹಾರದ ಭರವಸೆ, ಪತ್ತೇದಾರಿ ಕಾದಂಬರಿಯ ಕುತೂಹಲ ಒಂದೇ ಟಿಕೆಟ್ಟಿಗೆ ದೊರಕಿದವು. ಈ ಚಿತ್ರಗಳು ಜನರಿಗೆ ಹಿಡಿಸಿದ ಬಗೆ ಇದರಿಂದ ಅರ್ಥವಾಗುತ್ತದೆ.

ಸರಣಿ ಏಕೆ ನಿಂತಿತು?

1969ನೇ ವರ್ಷ ಎರಡು ಸರಣಿಗಳಿಗೂ ಮುಖ್ಯವಾದುದು. ಆ ವರ್ಷ ಇಂಗ್ಲೆಂಡಿನಲ್ಲಿ ಶಾನ್ ಕಾನರಿ ಇಲ್ಲದ ಮೊದಲ ಚಿತ್ರ 'ಆನ್ ಹರ್ ಮೆಜೆಸ್ಟೀಸ್ ಸೀಕ್ರೆಟ್ ಸರ್ವಿಸ್' ಬಂತು. ಹೊಸ ನಟ ಜಾರ್ಜ್ ಲೇಜನ್‌ಬಿ ಒಂದೇ ಚಿತ್ರಕ್ಕೆ ಹೊರಟುಹೋದರು. 1971ರಲ್ಲಿ ಕಾನರಿಯನ್ನೇ ಮತ್ತೆ ಕರೆತರಬೇಕಾಯಿತು. ನಟನನ್ನು ಬದಲಿಸುವುದು ಅಲ್ಲಿಯೂ ಸುಲಭವಿರಲಿಲ್ಲ ಎಂಬುದಕ್ಕೆ ಇದು ಸಾಕ್ಷಿ. ಆದರೆ ನಿರ್ಮಾಪಕರು ಪಟ್ಟು ಬಿಡಲಿಲ್ಲ. 1973ರಲ್ಲಿ ರೋಜರ್ ಮೂರ್ ಬಂದರು, ಹನ್ನೆರಡು ವರ್ಷ ಉಳಿದರು. ಪಾತ್ರ ನಟನಿಗಿಂತ ದೊಡ್ಡದೆಂಬುದು ಅಲ್ಲಿಗೆ ಸ್ಥಿರವಾಯಿತು.

ಕನ್ನಡದಲ್ಲಿ ಅಂಥ ಪ್ರಯತ್ನವೇ ನಡೆಯಲಿಲ್ಲ. 1969ರ ಬಳಿಕ ಸರಣಿ ಒಂಬತ್ತು ವರ್ಷ ಮಲಗಿತು. ದೊರೈ-ಭಗವಾನ್ ಜೋಡಿ ಬೇರೆ ದಾರಿ ಹಿಡಿಯಿತು. 1971ರ 'ಕಸ್ತೂರಿ ನಿವಾಸ', ವಾಣಿಯವರ ಕಾದಂಬರಿ ಆಧರಿಸಿದ 1974ರ 'ಎರಡು ಕನಸು' ಮುಂತಾದ ಕೌಟುಂಬಿಕ ಚಿತ್ರಗಳಿಂದ ಅವರು ಹೆಸರಾದರು. ರಾಜಕುಮಾರ್ ಕೂಡ 1972ರ 'ಬಂಗಾರದ ಮನುಷ್ಯ', 1973ರ 'ಗಂಧದ ಗುಡಿ'ಗಳ ಮೂಲಕ ಇನ್ನೊಂದು ಎತ್ತರಕ್ಕೆ ಏರಿದ್ದರು. ಹಳ್ಳಿಗೆ ಮರಳಿ ಬಂಜರು ಉತ್ತ ರಾಜೀವ ಎಂಬ ಆದರ್ಶದ ಮುಂದೆ ಕ್ಲಬ್ಬಿನ ನೆರಳಲ್ಲಿ ಓಡಾಡುವ ಪತ್ತೇದಾರ ಸಣ್ಣವನಾಗಿ ಕಂಡದ್ದು ಸಹಜ.

1978ರ 'ಆಪರೇಷನ್ ಡೈಮಂಡ್ ರಾಕೆಟ್' ಬಂದಾಗ ನಾಯಕ, ನಿರ್ದೇಶಕರು, ಸಂಗೀತ ನಿರ್ದೇಶಕರು ಹಳಬರೇ. ಬದಲಾದುದು ಕಾಲ. 'ಜೇಡರ ಬಲೆ'ಯ ಕಪ್ಪು ಬಿಳುಪು ಹೋಗಿ ಬಣ್ಣ ಬಂದಿತ್ತು. 1974ರ 'ಸಂಪತ್ತಿಗೆ ಸವಾಲ್' ನಂತರ ರಾಜಕುಮಾರ್ ತಮ್ಮ ಹಾಡುಗಳನ್ನು ತಾವೇ ಹಾಡತೊಡಗಿದ್ದರು. ಈ ಚಿತ್ರದಲ್ಲಿ ಅವರೊಂದು ಇಂಗ್ಲಿಷ್ ಹಾಡನ್ನೂ ಹಾಡಿದರು. ಚಿಕ್ಕಂದಿನಲ್ಲೇ ಶಾಲೆ ಬಿಟ್ಟ ರಂಗನಟನ ಬಾಯಲ್ಲಿ ಇಂಗ್ಲಿಷ್ ಹಾಡು ಎಂಬುದೇ ಒಂದು ಹೊಸತನ. ದಶಕಗಳ ಮೇಲೂ ಯುವಕರು ಆ ಹಾಡನ್ನು ಗುನುಗುವುದುಂಟು. ಆದರೆ ಅದನ್ನು ಸಿಐಡಿ 999ರ ಹಾಡೆಂದು ಯಾರೂ ಹೇಳುವುದಿಲ್ಲ. ರಾಜಕುಮಾರ್ ಹಾಡು ಎನ್ನುತ್ತಾರೆ.

ಎರಡೂ ಸರಣಿಗಳ ಅಂತರ ಆ ಒಂದು ಮಾತಿನಲ್ಲಿದೆ. ಅವರಲ್ಲಿ ಪಾತ್ರ ಶಾಶ್ವತ, ನಟ ಅತಿಥಿ. ನಮ್ಮಲ್ಲಿ ನಟ ಶಾಶ್ವತ, ಪಾತ್ರ ಅತಿಥಿ. ಬೇಡರ ಕಣ್ಣಪ್ಪನಿಂದ ಪ್ರಕಾಶನವರೆಗೆ, ಪ್ರಕಾಶನಿಂದ ರಾಜೀವನವರೆಗೆ ಮುಂದುವರಿದ ಸರಣಿ ಒಂದೇ. ಅದರ ಹೆಸರು ರಾಜಕುಮಾರ್. ಸಿಐಡಿ 999 ಆ ದೊಡ್ಡ ಸರಣಿ ತೊಟ್ಟು ಕಳಚಿದ ಒಂದು ಅಂಗಿ. ಆ ಅಂಗಿಯನ್ನು ಇನ್ನೊಬ್ಬರು ತೊಡುವ ಮಾತೇ ಬರಲಿಲ್ಲ.

ಉಳಿದ ಪ್ರಶ್ನೆ

ಇದರಿಂದ ಲಾಭವೂ ಆಯಿತು, ನಷ್ಟವೂ ಆಯಿತು. ಒಬ್ಬ ನಟನ ಸುತ್ತ ಭಾಷೆಯೊಂದು ತನ್ನ ಅಭಿಮಾನವನ್ನು ಕಟ್ಟಿಕೊಂಡಿತು. ಅದು ಬಾಂಡನಿಗೆ ಎಂದೂ ಸಿಗದ ಭಾಗ್ಯ. ಬಾಂಡ್ ಪಾತ್ರಧಾರಿಯ ಮಾತಿಗೆ ಇಂಗ್ಲೆಂಡಿನಲ್ಲಿ ಯಾರೂ ಬೀದಿಗಿಳಿಯಲಿಲ್ಲ. 1980ರ ದಶಕದ ಆರಂಭದಲ್ಲಿ ಗೋಕಾಕ್ ಚಳವಳಿಗೆ ರಾಜಕುಮಾರ್ ಧುಮುಕಿದಾಗ ಕರ್ನಾಟಕವೇ ಎದ್ದು ನಿಂತಿತು. ಸೇದದ, ಕುಡಿಯದ ಗೂಢಚಾರನನ್ನು ರೂಪಿಸಿದ ಎಚ್ಚರವೇ ಆ ನಂಬಿಕೆಯನ್ನೂ ಕಾಪಾಡಿತ್ತು.

ನಷ್ಟವೆಂದರೆ, ಕೈದಾಟಿಸಬಲ್ಲ ಒಂದು ಪಾತ್ರ ಕನ್ನಡ ಸಿನಿಮಾಕ್ಕೆ ದಕ್ಕಲಿಲ್ಲ. ವಾರಸುದಾರಿಕೆ ಪಾತ್ರದ ಮೂಲಕ ಹರಿಯದೆ ಮನೆತನದ ಮೂಲಕ, ಅಭಿಮಾನಿ ಬಳಗಗಳ ಮೂಲಕ ಹರಿಯಿತು. 2006ರಲ್ಲಿ ಇದು ಎದ್ದು ಕಂಡಿತು. ಆ ವರ್ಷದ ಏಪ್ರಿಲ್ 12ರಂದು ರಾಜಕುಮಾರ್ ತೀರಿಕೊಂಡರು. ಅವರೊಂದಿಗೆ ಕಣ್ಣಪ್ಪ, ಕಂಠೀರವ, ರಾಜೀವ, 999 ಎಲ್ಲರೂ ನೆನಪಿಗೆ ಸರಿದರು. ಅದೇ ವರ್ಷದ ನವೆಂಬರಿನಲ್ಲಿ ಆರನೆಯ ಬಾಂಡ್ ಆಗಿ ಡೇನಿಯಲ್ ಕ್ರೇಗ್ 'ಕ್ಯಾಸಿನೊ ರಾಯಲ್' ಚಿತ್ರದಲ್ಲಿ ಕಾಣಿಸಿಕೊಂಡರು. ಕತೆ ಮೊದಲಿನಿಂದ ಮತ್ತೆ ಶುರುವಾಯಿತು. 2021ರಲ್ಲಿ ಕ್ರೇಗ್ ಅವರ ಬಾಂಡ್ ತೆರೆಯ ಮೇಲೆ ಸತ್ತೇಹೋದ. ಆದರೂ ಚಿತ್ರದ ಕೊನೆಯ ಅಕ್ಷರಗಳು ಬಾಂಡ್ ಮರಳಿ ಬರುತ್ತಾನೆಂದೇ ಸಾರಿದವು. 'ಜೇಡರ ಬಲೆ' ಹೆಣೆದ ಭಗವಾನ್ 2023ರ ಫೆಬ್ರವರಿಯಲ್ಲಿ ನಿಧನರಾದರು. ದೊರೈ ಅವರಿಗಿಂತ ಎಷ್ಟೋ ಮೊದಲೇ ಹೋಗಿದ್ದರು.

ಪಾತ್ರವನ್ನು ಕೈದಾಟಿಸುವ ವಿದ್ಯೆ ಕನ್ನಡಿಗರಿಗೆ ಗೊತ್ತಿರಲಿಲ್ಲವೆಂದು ಇದರ ಅರ್ಥವಲ್ಲ. ಕಪಿಲೆಯ ದಂಡೆಯ ಹಳ್ಳಿಗಳಲ್ಲಿ ದುರ್ಯೋಧನನ ಪಾತ್ರ ತಲೆಮಾರುಗಳಿಂದ ಕೈ ಬದಲಾಯಿಸುತ್ತಲೇ ಬಂದಿದೆ. ಚೆನ್ನಾಗಿ ಮಾಡಿದವನ ಹೆಸರು ಊರಿನಲ್ಲಿ ಉಳಿಯುತ್ತದೆ. ಕಿರೀಟ ಮಾತ್ರ ಮುಂದಿನವನ ತಲೆಗೆ ಹೋಗುತ್ತದೆ. ನಟನ ನೆನಪಿಗೂ ಪಾತ್ರದ ಬಾಳಿಗೂ ಅಲ್ಲಿ ಜಗಳವಿಲ್ಲ. ಸಿನಿಮಾ ಈ ಎರಡರಲ್ಲಿ ಒಂದನ್ನೇ ಆರಿಸಿಕೊಂಡಿತು. 999 ಎಂಬ ಸಂಖ್ಯೆ 1978ರಿಂದ ಖಾಲಿ ಇದೆ.